ಮುಟ್ಟದೆ ಎಳೆಯುವ ಬಲಗಳು: ಕರಾವಳಿಯ ಮನೆಯಲ್ಲೇ ಮಾಡಿ ನೋಡುವ ಬಗೆ

ಕಳೆದ ವರ್ಷ ಜುಲೈಯಲ್ಲಿ ಅಕ್ಕನ ಮಗಳು ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಬಾಚಣಿಗೆ ಹಿಡಿದು ನಿಂತಿದ್ದಳು. ಹೊರಗೆ ಉಡುಪಿಯ ಮಳೆ. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರುಗಳ ಮೇಲೆ ಹಿಡಿದಳು. ಒಂದು ಚೂರೂ ಅಲುಗಲಿಲ್ಲ. ಮತ್ತೆ ಉಜ್ಜಿದಳು. ಊಹೂಂ. ಅಂಕ ಹಾಕಲು ಬಂದವರು "ಪ್ರಾಕ್ಟೀಸ್ ಮಾಡಿ ಬರಬೇಕಿತ್ತಮ್ಮ" ಎಂದು ಮುಂದಿನ ಮೇಜಿಗೆ ಹೋದರು. ಸಂಜೆ ಮನೆಗೆ ಬಂದವಳದು ಒಂದೇ ಪ್ರಶ್ನೆ: "ಎಂತ ಮಾಮ, ಪುಸ್ತಕದಲ್ಲಿ ಇರುವುದೆಲ್ಲ ಸುಳ್ಳಾ?"

ಪುಸ್ತಕದ್ದು ಸುಳ್ಳಲ್ಲ. ಬರೆದವರು ನಮ್ಮ ಜುಲೈಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೇ. ಆ ದಿನದಿಂದ ನಾವಿಬ್ಬರೂ ಒಂದು ವರ್ಷ ಬಿಡುವಾದಾಗೆಲ್ಲ ಇದೇ ಕೆಲಸ ಮಾಡಿದೆವು. ಸಂಪರ್ಕರಹಿತ ಬಲ ಎಂದು ಪಾಠದಲ್ಲಿ ಬರುವ ಮೂರನ್ನು, ಅಂದರೆ ಸ್ಥಾಯಿವಿದ್ಯುತ್, ಕಾಂತ ಮತ್ತು ಗುರುತ್ವ ಬಲಗಳನ್ನು, ಮಂಗಳೂರು–ಉಡುಪಿ ಕಡೆಯ ಮನೆಯಲ್ಲಿ ಯಾವ ಕಾಲದಲ್ಲಿ ಹೇಗೆ ಮಾಡಿ ನೋಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಆರನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಸಲೀಸು. ಚಿಕ್ಕವರಾದರೆ ಪಕ್ಕದಲ್ಲಿ ದೊಡ್ಡವರು ಇರಲಿ.

ಯಾವ ಪ್ರಯೋಗ ಮಾಡಿದರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಬಲ ಯಾವುದನ್ನು ಎಳೆಯುತ್ತದೆ? ಎಳೆಯುವುದು ಮಾತ್ರವಾ, ದೂಡುತ್ತದೆಯಾ? ನಡುವೆ ಏನು ಅಡ್ಡ ಇಟ್ಟರೆ ನಿಲ್ಲುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಯಾವ ಬಲ ಎಂದು ಕಣ್ಣು ಮುಚ್ಚಿ ಹೇಳಬಹುದು.

ಮೊದಲು ಸಾಮಾನು

ಅರ್ಧ ಮೀಟರ್ ಪಿವಿಸಿ ಪೈಪ್, ಅರ್ಧ ಇಂಚಿನದು. ಹಾರ್ಡ್‌ವೇರ್ ಅಂಗಡಿಯಲ್ಲಿ ಉಳಿದ ತುಂಡು ಕೇಳಿದರೆ ಸುಮ್ನೆ ಕೊಡುತ್ತಾರೆ. ಎರಡು ಅಯಸ್ಕಾಂತ: ಹಳೇ ಸ್ಪೀಕರ್‌ನ ಹಿಂದೆ ಇರುವ ಕಪ್ಪು ಬಳೆಯಂಥದ್ದು ಸಾಕು, ರಿಪೇರಿ ಅಂಗಡಿಗಳ ಮೂಲೆಯಲ್ಲಿ ರಾಶಿ ಬಿದ್ದಿರುತ್ತದೆ. ಹೊಲಿಗೆ ಸೂಜಿ, ದಾರ, ಊಟ ಸುತ್ತುವ ಅಲ್ಯೂಮಿನಿಯಂ ಫಾಯಿಲ್, ತರಕಾರಿ ಅಂಗಡಿಯ ತೆಳು ಪ್ಲಾಸ್ಟಿಕ್ ಕವರ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಮೊಬೈಲ್‌ನ ಸ್ಟಾಪ್‌ವಾಚ್.

ಈಗ ಚಿಕ್ಕದಾಗಿ ಗುಂಡಿಯಂತೆ ಬರುವ ಬೆಳ್ಳಿ ಬಣ್ಣದ ಬಲವಾದ ನಿಯೋಡಿಮಿಯಂ ಅಯಸ್ಕಾಂತಗಳನ್ನು ಸಣ್ಣ ಮಕ್ಕಳ ಕೈಗೆ ಕೊಡಲೇಬೇಡಿ. ಎರಡು ನುಂಗಿದರೆ ಕರುಳಿನ ಮಡಿಕೆಗಳ ಆಚೆ ಈಚೆ ನಿಂತು ಒಂದನ್ನೊಂದು ಎಳೆದು ಕರುಳನ್ನೇ ತೂತು ಮಾಡುತ್ತವೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರಿಂದಲೂ ದೂರ ಇಡಿ.

ಸ್ಥಾಯಿವಿದ್ಯುತ್: ಮಳೆಗಾಲದಲ್ಲಿ ಯಾಕೆ ಕೈಕೊಡುತ್ತದೆ

ಪ್ಲಾಸ್ಟಿಕ್ಕನ್ನು ಕೂದಲಿಗೆ ಉಜ್ಜಿದಾಗ ಕೂದಲಿನ ಕೆಲವು ಎಲೆಕ್ಟ್ರಾನ್‌ಗಳು, ಅಂದರೆ ಋಣ (ಮೈನಸ್) ಚಾರ್ಜಿನ ಸೂಕ್ಷ್ಮ ಕಣಗಳು, ಪ್ಲಾಸ್ಟಿಕ್ಕಿಗೆ ದಾಟುತ್ತವೆ. ಪ್ಲಾಸ್ಟಿಕ್ ಋಣ, ಕೂದಲು ಧನ (ಪ್ಲಸ್). ಈ ಚಾರ್ಜ್ ಹರಿದುಹೋಗದೆ ಅಲ್ಲೇ ಕೂತಿದ್ದರೆ ಮಾತ್ರ ಆಟ ನಡೆಯುತ್ತದೆ. ಮಳೆಗಾಲದಲ್ಲಿ ನಮ್ಮ ಗಾಳಿಯ ತೇವಾಂಶ ಶೇ 80ರ ಮೇಲೇ ಇರುತ್ತದೆ. ತೇವದ ಗಾಳಿಯಲ್ಲಿ ಕರೆಂಟ್ ಹರಿದು ಹೋಗುತ್ತದೆ ಎಂದು ಹಲವರು ಹೇಳುತ್ತಾರೆ. ನಿಜವಾಗಿ ಆಗುವುದು ಬೇರೆ. ಬಾಚಣಿಗೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ಅದರಲ್ಲಿ ಬೆವರಿನ ಉಪ್ಪೂ ಸೇರುತ್ತದೆ. ಚಾರ್ಜ್ ಆ ಪದರದ ಮೇಲೆ ಜಾರಿ ನಮ್ಮ ಕೈಗೆ ಇಳಿದುಬಿಡುತ್ತದೆ.

ಇನ್ನೊಂದು ಕಾರಣ ತಲೆಯಲ್ಲೇ ಇತ್ತು. ತೆಂಗಿನೆಣ್ಣೆ! ನನ್ನ ಸೊಸೆಗೆ, ಅಂದರೆ ಈ ಅಕ್ಕನ ಮಗಳಿಗೆ, ಅಕ್ಕ ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಾಳೆ. ಎಣ್ಣೆ ಹಚ್ಚಿದ ಕೂದಲಿಗೆ ಉಜ್ಜಿದರೆ ಬಾಚಣಿಗೆಗೆ ಎಣ್ಣೆ ಮೆತ್ತುತ್ತದೆಯೇ ಹೊರತು ಚಾರ್ಜ್ ಬರುವುದು ಕಷ್ಟ. ಉಣ್ಣೆಗೆ ಉಜ್ಜಿ ಎಂದು ಪುಸ್ತಕ ಹೇಳುತ್ತದೆ. ಮಂಗಳೂರಿನಲ್ಲಿ ಸ್ವೆಟರ್ ಯಾರ ಮನೆಯಲ್ಲಿದೆ ಮಾರಾಯ್ರೆ?

ನಮಗೆ ಕೆಲಸಕ್ಕೆ ಬಂದ ಬಗೆ ಹೀಗೆ:

1. ಡಿಸೆಂಬರ್‌ನಿಂದ ಫೆಬ್ರವರಿಯ ಒಳಗೆ, ಬಿಸಿಲು ಏರಿದ ಮೇಲೆ ಮಾಡಿ. ಬೆಳಗಿನ ಮಂಜು ಆರಿರಬೇಕು. ಮಳೆಗಾಲದಲ್ಲೇ ಮಾಡಲೇಬೇಕಾದರೆ ಎಸಿ ಇರುವ ಕೋಣೆಗೆ ಹೋಗಿ. ಎಸಿ ಗಾಳಿಯ ನೀರನ್ನು ಹೀರಿ ಹೊರಗೆ ಬಿಡುತ್ತದೆ, ಅದರ ಪೈಪಿನಿಂದ ತೊಟ್ಟಿಕ್ಕುವುದು ಅದೇ.

2. ಪಿವಿಸಿ ಪೈಪನ್ನು ಸಾಬೂನಿನಲ್ಲಿ ತೊಳೆದು ಒರೆಸಿ. ಹೇರ್ ಡ್ರೈಯರ್‌ನಲ್ಲಿ ಒಂದೆರಡು ನಿಮಿಷ ಬೆಚ್ಚಗೆ ಮಾಡಿ. ಡ್ರೈಯರ್ ಇಲ್ಲದಿದ್ದರೆ ಬಿಸಿಲಲ್ಲಿಡಿ. ಅನ್ನ ಬೇಯುವ ಒಲೆಯ ಹತ್ತಿರ ಮಾತ್ರ ಬೇಡ, ಹಬೆ ಬಡಿಯುತ್ತದೆ.

3. ಒಣಗಿದ ಪಾಲಿಯೆಸ್ಟರ್ ಶಾಲು ಅಥವಾ ಟಿಶ್ಯೂ ಕಾಗದದಲ್ಲಿ ಪೈಪನ್ನು ಬಿಗಿಯಾಗಿ ಹಿಡಿದು ಹತ್ತು ಹದಿನೈದು ಸಲ ಸರಸರನೆ ಎಳೆಯಿರಿ. ಉಜ್ಜಿದ ಭಾಗವನ್ನು ಕೈಯಿಂದ ಮುಟ್ಟಬೇಡಿ.

4. ಕಿವಿಯ ಹತ್ತಿರ ತನ್ನಿ. ಚಟಚಟ ಸದ್ದು ಕೇಳಿದರೆ, ಕೈಯ ರೋಮ ಎದ್ದು ನಿಂತರೆ, ಪೈಪ್ ತಯಾರು.

ಈಗ ಕಾಗದದ ಚೂರುಗಳ ಮೇಲೆ ಹಿಡಿಯಿರಿ. ಜಿಗಿದು ಅಂಟುತ್ತವೆ. ಕೆಲವು ಅಂಟಿದ ಮರುಕ್ಷಣ ಹಾರಿ ಬೀಳುತ್ತವೆ, ಗಮನಿಸಿ. ಕಾಗದಕ್ಕೆ ಚಾರ್ಜ್ ಇರಲಿಲ್ಲ. ಪೈಪ್ ಹತ್ತಿರ ಬಂದಾಗ ಅದರೊಳಗಿನ ಧನ ಸ್ವಲ್ಪ ಈಚೆ, ಋಣ ಸ್ವಲ್ಪ ಆಚೆ ಸರಿಯಿತು. ಹತ್ತಿರದ ಧನವನ್ನು ಎಳೆಯುವ ಬಲ ದೂರದ ಋಣವನ್ನು ದೂಡುವ ಬಲಕ್ಕಿಂತ ಜಾಸ್ತಿ, ಹಾಗಾಗಿ ಒಟ್ಟಾರೆ ಎಳೆತ. ಮುಟ್ಟಿದ ಮೇಲೆ ಪೈಪಿನ ಋಣ ಚಾರ್ಜ್ ಕಾಗದಕ್ಕೂ ಸ್ವಲ್ಪ ದಾಟಿತು. ಈಗ ಇಬ್ಬರೂ ಋಣ, ಹಾಗಾಗಿ ದೂಡಾಟ.

ಇಲ್ಲಿ ಒಂದು ನಿಮಿಷ ನಿಲ್ಲಿ. ಆ ಚೂರನ್ನು ಕೆಳಗಿನಿಂದ ಇಡೀ ಭೂಮಿ ಎಳೆಯುತ್ತಿತ್ತು. ಮೇಲಿನಿಂದ ಎಳೆದದ್ದು ಒಂದು ಪೈಪಿನ ತುಂಡು. ಗೆದ್ದದ್ದು ಪೈಪ್. ಎರಡು ಪ್ರೋಟಾನ್‌ಗಳ ನಡುವಿನ ವಿದ್ಯುತ್ ಬಲವನ್ನು ಅವುಗಳ ಗುರುತ್ವ ಬಲಕ್ಕೆ ಹೋಲಿಸಿದರೆ 1ರ ಮುಂದೆ 36 ಸೊನ್ನೆ ಹಾಕಿದಷ್ಟು ಪಟ್ಟು ದೊಡ್ಡದು.

ಜನವರಿಯಲ್ಲಿ ಜಗಲಿಯಲ್ಲಿ ಮಾಡಿದ ಒಂದು ಆಟವನ್ನು ಬಿಡುವ ಹಾಗೇ ಇಲ್ಲ. ತೆಳು ಕವರನ್ನು ಅಡ್ಡಕ್ಕೆ ಎರಡು ಬೆರಳಗಲ ಕತ್ತರಿಸಿದರೆ ಒಂದು ಬಳೆ ಸಿಗುತ್ತದೆ. ಅದನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು ಅದೇ ಶಾಲಿನಿಂದ ಉಜ್ಜಿ. ಪೈಪನ್ನೂ ಉಜ್ಜಿ. ಬಳೆಯನ್ನು ಬಿಡಿಸಿ ಗಾಳಿಗೆ ಎಸೆದು ಕೆಳಗಿನಿಂದ ಪೈಪ್ ಹಿಡಿಯಿರಿ. ನಾಲ್ಕು ಸಲ ನಮ್ಮದು ಮುಖಕ್ಕೆ, ಗೋಡೆಗೆ, ಅಜ್ಜಿಯ ಸೀರೆಗೆ ಅಂಟಿತು. ಐದನೇ ಸಲ ಬಳೆ ದುಂಡಗೆ ಉಬ್ಬಿ, ಪೈಪಿನಿಂದ ಒಂದು ಗೇಣು ಮೇಲೆ ಸುಮ್ನೆ ನಿಂತಿತು. ಅವಳು ಪೈಪ್ ಹಿಡಿದು ಜಗಲಿಯ ಈ ತುದಿಯಿಂದ ಆ ತುದಿಗೆ ಬೆಕ್ಕಿನ ಹಾಗೆ ನಡೆದಳು. ಬಳೆಯೂ ಮೇಲೆ ತೇಲುತ್ತಾ ಹೋಯಿತು. ಕೆಳಗೆ ಎಳೆಯುವ ಗುರುತ್ವ, ಮೇಲಕ್ಕೆ ದೂಡುವ ವಿದ್ಯುತ್, ಎರಡೂ ಸಮ ಆದ ಜಾಗ ಅದು. ಫ್ಯಾನ್ ಆಫ್ ಮಾಡಲು ಮರೆಯಬೇಡಿ.

ಮಳೆಗಾಲಕ್ಕೂ ಒಗ್ಗುವ ಒಂದು ಸಾಧನ ಉಂಟು. ಹೊಲಿಗೆ ಸೂಜಿಯನ್ನು ರಬ್ಬರಿಗೆ ಚುಚ್ಚಿ ಮೊನೆ ಮೇಲಾಗಿ ನಿಲ್ಲಿಸಿ. ಎಂಟು ಸೆಂಟಿಮೀಟರ್ ಉದ್ದದ ಫಾಯಿಲ್ ಪಟ್ಟಿಯನ್ನು ಉದ್ದಕ್ಕೆ ಮಡಚಿ, ಮನೆಯ ಮಾಡಿನ ಹಾಗೆ ಸ್ವಲ್ಪ ಇಳಿಜಾರು ಕೊಟ್ಟು, ಮೊನೆಯ ಮೇಲೆ ತೂಗಿ ಕೂರಿಸಿ. ಉಜ್ಜಿದ್ದು ಏನನ್ನೇ ಹತ್ತಿರ ತಂದರೂ ಪಟ್ಟಿ ಗರ್ರನೆ ಅತ್ತ ತಿರುಗುತ್ತದೆ. ಕಾಗದದ ಚೂರು ಏಳದಷ್ಟು ಕಡಿಮೆ ಚಾರ್ಜ್ ಇದ್ದರೂ ಇದಕ್ಕೆ ಗೊತ್ತಾಗುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರ ಹೊತ್ತಿಗೆ ಇಂಥದ್ದೇ ಮುಳ್ಳು ಬಳಸಿ, ಉಜ್ಜಿದ ಅಂಬರ್ (ಕಲ್ಲಿನಂತೆ ಗಟ್ಟಿಯಾದ ಹಳೇ ಮರದ ಅಂಟು) ಎಳೆಯುವುದೂ ಅಯಸ್ಕಾಂತ ಎಳೆಯುವುದೂ ಬೇರೆ ಬೇರೆ ಎಂದು ತೋರಿಸಿದ. ಪ್ರದರ್ಶನಕ್ಕೆ ಇದನ್ನು ಒಯ್ದಿದ್ದರೆ ಆ ದಿನ ಮಾನ ಉಳಿಯುತ್ತಿತ್ತು.

ಅಡ್ಡ ಇಡುವ ಪರೀಕ್ಷೆ: ಪೈಪ್ ಮತ್ತು ಚೂರುಗಳ ನಡುವೆ ಫಾಯಿಲ್ ಹಾಳೆಯನ್ನು ಕೈಯಲ್ಲಿ ಹಿಡಿಯಿರಿ. ಆಟ ಬಂದ್. ಲೋಹದ ಹಾಳೆ ಈ ಬಲವನ್ನು ತಡೆಯುತ್ತದೆ.

ಸಿಡಿಲೂ ಇದೇ ಜಾತಿಯದು. ಮೋಡದೊಳಗೆ ಹಿಮದ ಹರಳುಗಳೂ ಮೆತ್ತನೆಯ ಆಲಿಕಲ್ಲುಗಳೂ ಡಿಕ್ಕಿ ಹೊಡೆದು ಚಾರ್ಜ್ ಬೇರೆಯಾಗುತ್ತದೆ. ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗು ಶುರುವಾದಾಗ ನಮ್ಮಲ್ಲಿ ಎಲ್ಲರೂ ಟಿವಿ, ವೈಫೈ ಪ್ಲಗ್ ಕೀಳಲು ಓಡುತ್ತಾರಲ್ಲ, ಆಗ ಮಿಂಚಿನಿಂದ ಗುಡುಗಿನವರೆಗೆ ಸೆಕೆಂಡ್ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮನೆಯೊಳಗೆ ಕೂತು ಎಣಿಸಿ, ತೆಂಗಿನ ಮರದ ಬುಡದಲ್ಲಿ ನಿಂತಲ್ಲ.

ಅಯಸ್ಕಾಂತ: ಕಡಲ ತೀರದಿಂದ ಶುರು

ಅಯಸ್ಕಾಂತಕ್ಕೆ ಮಳೆಯ ಹಂಗಿಲ್ಲ. ಮಲ್ಪೆಗೋ ಪಣಂಬೂರಿಗೋ ಹೋದಾಗ ತೆರೆ ಹಿಂದೆ ಸರಿದ ಜಾಗದಲ್ಲಿ ಅಲ್ಲಲ್ಲಿ ಕಪ್ಪು ಗೆರೆ ಕಾಣುತ್ತದಲ್ಲ, ಹಲವರು ಕೊಳೆ ಎಂದು ದಾಟಿಹೋಗುತ್ತಾರೆ. ಅದು ಭಾರದ ಖನಿಜಗಳ ಮರಳು. ಹಗುರ ಮರಳನ್ನು ತೆರೆ ಎಳೆದುಕೊಂಡು ಹೋಗುತ್ತದೆ, ಭಾರದ್ದು ಉಳಿಯುತ್ತದೆ. ಅದರಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಇದ್ದರೆ ಅಯಸ್ಕಾಂತಕ್ಕೆ ಹಾರಿ ಅಂಟುತ್ತದೆ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆದ ಅದಿರೂ ಮ್ಯಾಗ್ನೆಟೈಟೇ. ಅದನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, ಘಟ್ಟದಿಂದ ಮಂಗಳೂರಿಗೆ ಪೈಪಿನಲ್ಲೇ ಇಳಿಸುತ್ತಿದ್ದರು.

ಒಂದು ಎಚ್ಚರಿಕೆ. ಅಯಸ್ಕಾಂತವನ್ನು ಬರಿದಾಗಿ ಮರಳಿಗೆ ಅದ್ದಬೇಡಿ. ನಾನು ಅದ್ದಿದೆ. ಕಪ್ಪು ರೋಮ ಬಂದ ಕಂಬಳಿಹುಳದ ಹಾಗೆ ಆಯಿತು. ತೊಳೆದರೆ ಹೋಗದು, ಒರೆಸಿದರೆ ಜಾಗ ಬದಲಿಸುತ್ತದೆ ಅಷ್ಟೇ. ಕೊನೆಗೆ ಅಕ್ಕ ಚಪಾತಿ ಹಿಟ್ಟಿನ ಉಂಡೆಯಲ್ಲಿ ಒತ್ತಿ ಒತ್ತಿ ತೆಗೆದಳು. ಸರಿಯಾದ ದಾರಿ: ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಒಣ ಮರಳಲ್ಲಿ ಆಡಿಸಿ, ಆಮೇಲೆ ಕವರನ್ನು ಒಳಗಿಂದ ಹೊರಕ್ಕೆ ಮಗುಚಿ. ಅಯಸ್ಕಾಂತ ಹೊರಗೆ, ಮರಳು ಒಳಗೆ. ಒಂದು ಚಮಚದಷ್ಟು ಸಾಕು. ದಪ್ಪ ಕಾಗದದ ಮೇಲೆ ತೆಳುವಾಗಿ ಉದುರಿಸಿ, ಕೆಳಗೆ ಅಯಸ್ಕಾಂತ ಹಿಡಿದು, ಬೆರಳಿಂದ ಮೆಲ್ಲ ತಟ್ಟಿ. ಗೆರೆಗಳು ಮೂಡುತ್ತವೆ. ಮೈಕೆಲ್ ಫ್ಯಾರಡೆ ಬಲದ ರೇಖೆ ಎಂದು ಕರೆದದ್ದು ಇದನ್ನೇ.

ಯಾವುದನ್ನು ಎಳೆಯುತ್ತದೆ? ಮನೆಯಿಡೀ ಸುತ್ತಿ ಪಟ್ಟಿ ಮಾಡಿ. ಕಬ್ಬಿಣದ ದೋಸೆ ಕಾವಲಿ ಹೌದು, ಹಿತ್ತಾಳೆ ಚೆಂಬು ಇಲ್ಲ, ಅಲ್ಯೂಮಿನಿಯಂ ಪಾತ್ರೆ ಇಲ್ಲ. ಸ್ಟೀಲ್ ಪಾತ್ರೆಯಲ್ಲಿ ಮಾತ್ರ ಜಗಳ ಬರುತ್ತದೆ. ಕೆಲವು ಅಂಟುತ್ತವೆ, ಕೆಲವು ಇಲ್ಲ. ನಿಕ್ಕಲ್ ಜಾಸ್ತಿ ಸೇರಿಸಿದ ಸ್ಟೇನ್‌ಲೆಸ್ ಸ್ಟೀಲಿನ ಒಳಜೋಡಣೆಯೇ ಬೇರೆ, ಅದು ಅಯಸ್ಕಾಂತಕ್ಕೆ ಒಲಿಯದು. ಈಗ ಚಲಾವಣೆಯ 1, 2 ರೂಪಾಯಿ ನಾಣ್ಯ ಅಂಟುತ್ತವೆ, 10 ರೂಪಾಯಿಯದು ಅಂಟುವುದಿಲ್ಲ.

ದಿಕ್ಸೂಚಿ ಮಾಡುವುದು ಸುಲಭ. ಸೂಜಿಯನ್ನು ಅಯಸ್ಕಾಂತದ ಒಂದೇ ತುದಿಯಿಂದ, ಒಂದೇ ದಿಕ್ಕಿಗೆ ನಲವತ್ತು ಐವತ್ತು ಸಲ ಸವರಿ. ಹಿಂದಕ್ಕೆ ಬರುವಾಗ ಅಯಸ್ಕಾಂತವನ್ನು ಎತ್ತಿಕೊಂಡು ಬನ್ನಿ. ಹಲಸಿನ ಎಲೆಯ ಚೂರಿನ ಮೇಲೆ ಸೂಜಿ ಇಟ್ಟು ಪಿಂಗಾಣಿ ಬಟ್ಟಲಿನ ನೀರಲ್ಲಿ ತೇಲಿ ಬಿಡಿ. ತಿರುಗಿ ಉತ್ತರ–ದಕ್ಷಿಣ ನಿಲ್ಲುತ್ತದೆ. ನಮ್ಮೂರಲ್ಲಿ ಅದು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಒಂದೆರಡು ಡಿಗ್ರಿ ಮಾತ್ರ. ಇನ್ನೂ ಒಂದು ವಿಷಯ: ಭೂಮಿಯ ಕಾಂತ ಸಮಭಾಜಕ, ಅಂದರೆ ಸೂಜಿ ಮೇಲೆ ಕೆಳಗೆ ಬಾಗದೆ ಮಟ್ಟಸವಾಗಿ ನಿಲ್ಲುವ ಗೆರೆ, ಕೇರಳದ ತುಂಬಾ ಎಂಬ ಊರಿನ ಹತ್ತಿರವೇ ಹಾದುಹೋಗುತ್ತದೆ. 1963ರಲ್ಲಿ ಅಲ್ಲಿಂದ ರಾಕೆಟ್ ಹಾರಿಸಲು ಜಾಗ ಆರಿಸಿದ್ದೂ ಅದೇ ಕಾರಣಕ್ಕೆ. ಆ ಗೆರೆಯಿಂದ ನಾವು ಸ್ವಲ್ಪವೇ ಉತ್ತರಕ್ಕೆ ಇರುವುದರಿಂದ ನಮ್ಮ ಸೂಜಿ ಹೆಚ್ಚುಕಡಿಮೆ ಮಟ್ಟಸವಾಗಿ ನಿಲ್ಲುತ್ತದೆ. ಲಂಡನ್ನಿನಲ್ಲಿ ಸೂಜಿಯನ್ನು ನಡುವಿನಲ್ಲಿ ತೂಗುಹಾಕಿದರೆ ಉತ್ತರದ ತುದಿ ಚೆನ್ನಾಗಿ ಕೆಳಗೆ ಬಾಗುತ್ತದೆ.

ಮಕ್ಕಳು ತಪ್ಪುವ ಒಂದು ಜಾಗ: ಎಳೆದ ಮಾತ್ರಕ್ಕೆ ಎರಡೂ ಅಯಸ್ಕಾಂತ ಎನ್ನಲು ಬರುವುದಿಲ್ಲ, ಬರೀ ಕಬ್ಬಿಣವನ್ನೂ ಎಳೆಯುತ್ತದೆ. ಒಂದು ಬದಿಯಲ್ಲಾದರೂ ದೂಡಿದರೆ ಮಾತ್ರ ಅದು ಅಯಸ್ಕಾಂತ ಎಂದು ಖಾತ್ರಿ.

ಈಗ ತಕ್ಕಡಿ ತನ್ನಿ. ಅದರ ಮೇಲೆ ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿ, ಅದರ ಮೇಲೆ ಒಂದು ಅಯಸ್ಕಾಂತ ಇಟ್ಟು ಸೊನ್ನೆಗೆ ತನ್ನಿ. ಅಯಸ್ಕಾಂತ ನೇರ ತಕ್ಕಡಿಯ ಮೇಲೆ ಬೇಡ, ಒಳಗಿನ ಲೋಹಗಳಿಂದ ಓದು ಕೆಡಬಹುದು. ಇನ್ನೊಂದು ಅಯಸ್ಕಾಂತವನ್ನು ದೂಡುವ ಮುಖ ಕೆಳಗಾಗಿ ಮೇಲಿನಿಂದ ಇಳಿಸುತ್ತಾ ಬನ್ನಿ, ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿರಲಿ. ಮುಟ್ಟದೆಯೇ ತೂಕ ಏರುತ್ತದೆ! ನಮಗೆ 6 ಸೆಂಟಿಮೀಟರಿನಲ್ಲಿ 4 ಗ್ರಾಂ ತೋರಿಸಿತು, 3 ಸೆಂಟಿಮೀಟರಿನಲ್ಲಿ 48. ದೂರ ಅರ್ಧವಾದರೆ ಬಲ ನಾಲ್ಕು ಪಟ್ಟು ಎಂಬ ವರ್ಗದ ಲೆಕ್ಕ ಇಲ್ಲಿ ಹೊಂದಲಿಲ್ಲ. ಯಾಕೆಂದರೆ ಪ್ರತಿ ಅಯಸ್ಕಾಂತಕ್ಕೂ ಎರಡು ಧ್ರುವ, ಒಂದು ದೂಡಿದರೆ ಇನ್ನೊಂದು ಎಳೆಯುತ್ತದೆ. ದೂರ ಹೋದಂತೆ ಅವು ಒಂದನ್ನೊಂದು ಹೆಚ್ಚು ಹೆಚ್ಚು ಅಳಿಸಿಹಾಕುತ್ತವೆ. ಸಾಕಷ್ಟು ದೂರದಲ್ಲಿ ದೂರ ಇಮ್ಮಡಿಯಾದರೆ ಬಲ ಹದಿನಾರನೇ ಒಂದಕ್ಕೆ ಇಳಿಯುತ್ತದೆ. ವರ್ಗದ ಲೆಕ್ಕ ಚಾರ್ಜ್‌ಗಳಿಗೆ ಸರಿ ಎಂದು 1785ರಲ್ಲಿ ಫ್ರಾನ್ಸಿನ ವಿಜ್ಞಾನಿ ಕೂಲಂಬ್ ತೋರಿಸಿದ.

ಅಡ್ಡ ಇಡುವ ಪರೀಕ್ಷೆಗೆ ಕಾಗದ, ಗಾಜು, ಅಂಗೈ, ಫಾಯಿಲ್ ಎಲ್ಲ ಇಟ್ಟು ನೋಡಿ. ಯಾವುದಕ್ಕೂ ಕ್ಯಾರೇ ಇಲ್ಲ. ಕಾವಲಿಯನ್ನು ಅಡ್ಡ ಹಿಡಿದರೆ ಮಾತ್ರ ಆಚೆಯ ಗುಂಡುಪಿನ್ ಸುಮ್ಮನಾಗುತ್ತದೆ. ಕಬ್ಬಿಣ ಆ ಗೆರೆಗಳನ್ನು ತನ್ನೊಳಗೇ ಎಳೆದುಕೊಂಡುಬಿಡುತ್ತದೆ.

ಮೋಟಾರ್ ವೈಂಡಿಂಗ್ ಅಂಗಡಿಯ ತಾಮ್ರದ ತಂತಿ ಸಿಕ್ಕಿದರೆ ಮೊಳೆಗೆ ಐವತ್ತು ಸುತ್ತು ಸುತ್ತಿ, ತುದಿಯ ಲೇಪ ಕೆರೆದು, ಒಂದು ಸೆಲ್‌ಗೆ ಐದಾರು ಸೆಕೆಂಡ್ ಹಿಡಿಯಿರಿ. ಮೊಳೆ ಪಿನ್ ಎತ್ತುತ್ತದೆ. ಜಾಸ್ತಿ ಹೊತ್ತು ಹಿಡಿದರೆ ತಂತಿ ಸುಡುತ್ತದೆ. ಗೋಡೆಯ ಪ್ಲಗ್‌ಗೆ ಯಾವ ಕಾರಣಕ್ಕೂ ಬೇಡ.

ಗುರುತ್ವ: ಎಲ್ಲಕ್ಕಿಂತ ದುರ್ಬಲ, ತಪ್ಪಿಸಲು ಮಾತ್ರ ಆಗದು

ಇದು ಎಲ್ಲವನ್ನೂ ಎಳೆಯುತ್ತದೆ, ದೂಡುವುದಿಲ್ಲ, ಯಾವ ಅಡ್ಡಕ್ಕೂ ನಿಲ್ಲುವುದಿಲ್ಲ. ತಲಾ 60 ಕಿಲೋ ತೂಗುವ ಇಬ್ಬರು ಒಂದು ಮೀಟರ್ ಅಂತರದಲ್ಲಿ ಕೂತರೆ ಅವರ ನಡುವಿನ ಎಳೆತ ಒಂದು ಸಾಸಿವೆ ಕಾಳಿನ ತೂಕದ ಸುಮಾರು ನೂರನೇ ಒಂದು ಪಾಲು. ಇಷ್ಟು ಸಣ್ಣದನ್ನೂ ಹೆನ್ರಿ ಕ್ಯಾವೆಂಡಿಷ್ 1798ರಲ್ಲಿ ಸೀಸದ ಗುಂಡುಗಳನ್ನು ಇಟ್ಟು ಅಳೆದ, ಅದರಿಂದ ಭೂಮಿ ನೀರಿಗಿಂತ ಸುಮಾರು ಐದೂವರೆ ಪಟ್ಟು ದಟ್ಟ ಎಂದು ಲೆಕ್ಕ ಹಾಕಿದ. ನಮ್ಮ ಮನೆಯಲ್ಲಿ ಅದು ಆಗುವ ಮಾತಲ್ಲ. ನಮಗೆ ಇಡೀ ಭೂಮಿಯ ಎಳೆತವೇ ಸಾಕು.

ಜಗಲಿಯ ಪಕ್ಕಾಸಿನಿಂದ ದಾರದಲ್ಲಿ ಒಂದು ಬೀಗ ಇಳಿಬಿಡಿ. ಕಟ್ಟಿದ ಜಾಗದಿಂದ ಬೀಗದ ನಡುವಿನವರೆಗೆ ಸರಿಯಾಗಿ 1 ಮೀಟರ್. ಅರ್ಧ ಗೇಣು ಮಾತ್ರ ಬದಿಗೆ ಎಳೆದು ಬಿಡಿ. ಹೋಗಿ ಬಂದರೆ ಒಂದು. ಇಪ್ಪತ್ತಕ್ಕೆ ಎಷ್ಟು ಸೆಕೆಂಡ್ ಎಂದು ನೋಡಿ, ಇಪ್ಪತ್ತರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ, ಆ ಸಂಖ್ಯೆಯಿಂದ 39.48 ಅನ್ನು ಭಾಗಿಸಿ. ನಮಗೆ 40.2 ಸೆಕೆಂಡ್ ಆಯಿತು, ಅಂದರೆ ಒಂದಕ್ಕೆ 2.01, ಉತ್ತರ 9.77. ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಮೀಟರ್ ಏರುತ್ತದೆ ಎಂಬ ಲೆಕ್ಕ ಇದು. ನಮ್ಮ ಅಕ್ಷಾಂಶದಲ್ಲಿ ಇರಬೇಕಾದದ್ದು ಸುಮಾರು 9.78. ಬೀಗದ ಬದಲು ಅದರ ಎರಡರಷ್ಟು ಭಾರದ ಕಲ್ಲು ಕಟ್ಟಿ, ಉದ್ದ ಅಷ್ಟೇ ಇಟ್ಟು ನೋಡಿ, ಸಮಯ ಬದಲಾಗುವುದಿಲ್ಲ.

ಇದೇ ಲೆಕ್ಕ ತೆಂಗಿನಕಾಯಿಗೂ. 15 ಮೀಟರ್ ಮೇಲಿನಿಂದ ಬಿದ್ದ ಕಾಯಿ ನೆಲ ಮುಟ್ಟಲು 1.75 ಸೆಕೆಂಡ್ ಸಾಕು, ಅಷ್ಟರಲ್ಲಿ ವೇಗ ಗಂಟೆಗೆ 60 ಕಿಲೋಮೀಟರ್ ಹತ್ತಿರ ಬಂದಿರುತ್ತದೆ. ಬೈಕ್ ಎಲ್ಲಿ ನಿಲ್ಲಿಸಬೇಕು ಎಂದು ನೀವೇ ನೋಡಿಕೊಳ್ಳಿ.

ಕಡಲ ಉಬ್ಬರ–ಇಳಿತವೂ ಗುರುತ್ವದ್ದೇ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನಕ್ಕೆ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಳಿವೆ ಹತ್ತಿರ ಒಂದು ಕಂಬ ಗುರುತು ಮಾಡಿಕೊಂಡು ಒಂದು ವಾರ ನೋಡಿದರೆ ತಿಳಿಯುತ್ತದೆ. ಒಂದು ಸೋಜಿಗ: ಸೂರ್ಯ ಭೂಮಿಯನ್ನು ಎಳೆಯುವ ಬಲ ಚಂದ್ರನದಕ್ಕಿಂತ ಸುಮಾರು 180 ಪಟ್ಟು. ಆದರೂ ಉಬ್ಬರದಲ್ಲಿ ಸೂರ್ಯನ ಪಾಲು ಚಂದ್ರನ ಅರ್ಧಕ್ಕಿಂತ ಕಡಿಮೆ. ಉಬ್ಬರ ಹುಟ್ಟುವುದು ಭೂಮಿಯ ಈ ಬದಿಗೂ ಆ ಬದಿಗೂ ಎಳೆತದಲ್ಲಿ ಇರುವ ವ್ಯತ್ಯಾಸದಿಂದ. ಸೂರ್ಯ ಅಷ್ಟು ದೂರ ಇರುವುದರಿಂದ ಅವನಿಗೆ ಎರಡೂ ಬದಿ ಹೆಚ್ಚುಕಡಿಮೆ ಒಂದೇ. ಹುಣ್ಣಿಮೆ, ಅಮಾವಾಸ್ಯೆಗೆ ಇಬ್ಬರೂ ಒಂದೇ ಗೆರೆಗೆ ಬರುತ್ತಾರೆ, ನೀರು ಜಾಸ್ತಿ ಏರುತ್ತದೆ.

"ಆದರೆ ಮಾಮ, ನಡುವೆ ಹಗ್ಗ ಇಲ್ಲ, ಏನೂ ಇಲ್ಲ. ಚಂದ್ರ ನೀರನ್ನು ಹಿಡಿಯುವುದು ಹೇಗೆ?" ಒಳ್ಳೇ ಪ್ರಶ್ನೆ. ನ್ಯೂಟನ್ನನಿಗೇ ಇದು ಸರಿ ಕಂಡಿರಲಿಲ್ಲ. ನಡುವೆ ಏನೂ ಇಲ್ಲದೆ ಒಂದು ಇನ್ನೊಂದನ್ನು ಎಳೆಯುತ್ತದೆ ಎಂಬುದನ್ನು ಒಪ್ಪಲಾಗದು ಎಂದು ಅವನು ಪತ್ರವೊಂದರಲ್ಲಿ ಬರೆದಿದ್ದ. ಈಗ ನಾವು ಕೊಡುವ ಉತ್ತರ ಕ್ಷೇತ್ರ. ಅಯಸ್ಕಾಂತ ತನ್ನ ಸುತ್ತಲಿನ ಜಾಗವನ್ನೇ ಬದಲಿಸುತ್ತದೆ, ಕಪ್ಪು ಮರಳು ತಾನಿರುವ ಜಾಗದ ಆ ಬದಲಾವಣೆಗೆ ಸ್ಪಂದಿಸುತ್ತದೆ.

ಕೊನೆಗೆ ಬಾವಿ. ಒಂದು ಸಣ್ಣ ಕಲ್ಲನ್ನು ತೊಳೆದುಕೊಳ್ಳಿ, ಕುಡಿಯುವ ನೀರಲ್ವಾ. ದೊಡ್ಡವರು ಪಕ್ಕದಲ್ಲಿ ನಿಲ್ಲಲಿ, ದಂಡೆಯ ಮೇಲೆ ಬಗ್ಗುವುದು ಬೇಡ, ಕೈ ಮಾತ್ರ ಚಾಚಿ. ಕಲ್ಲನ್ನು ಎಸೆಯದೆ ಬಿಡಿ. ಬಿಟ್ಟದ್ದರಿಂದ ಬುಳಕ್ ಸದ್ದಿನವರೆಗೆ ಸಮಯ ನೋಡಿ. ಸಮಯವನ್ನು ಅದರಿಂದಲೇ ಗುಣಿಸಿ, ಮತ್ತೆ 4.9ರಿಂದ ಗುಣಿಸಿ. ನೀರು ಎಷ್ಟು ಮೀಟರ್ ಕೆಳಗಿದೆ ಎಂದು ಸಿಗುತ್ತದೆ. ಐದು ಸಲ ಮಾಡಿ ಸರಾಸರಿ ತೆಗೆಯಿರಿ. 1.4ರ ಬದಲು 1.5 ಎಂದು ಓದಿದರೆ 9.6 ಮೀಟರ್ ಇದ್ದದ್ದು 11 ಆಗಿಬಿಡುತ್ತದೆ. ಸರಿ ಬಂತಾ ಎಂದು ನೋಡಲು ರಾಟೆಯ ಹಗ್ಗ ಇಳಿಸಿ ಅಳೆಯಿರಿ.

ಮೇ ಕೊನೆಯಲ್ಲಿ ನಮ್ಮ ಬಾವಿಗೆ 1.5 ಸೆಕೆಂಡ್ ಬಂತು. ಅಂದಿನಿಂದ ಸೊಸೆ ವಾರಕ್ಕೊಂದು ಸಲ ಕಲ್ಲು ಬಿಟ್ಟು, ದಂಡೆಯ ಮುರಕಲ್ಲಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ತಾರೀಕು, ಸೆಕೆಂಡ್ ಬರೆಯುತ್ತಾಳೆ. ಮಳೆ ಅದನ್ನು ಅಳಿಸುತ್ತದೆ, ಮತ್ತೆ ಬರೆಯುತ್ತಾಳೆ. ಈ ಜುಲೈ ಮೂರನೇ ವಾರ, ಕೊಡೆ ಹಿಡಿದು ನಿಂತು ಅಳೆದದ್ದು 0.9 ಸೆಕೆಂಡ್. ನೀರು ಏಳು ಮೀಟರ್ ಮೇಲೆ ಬಂದಿದೆ.